ಗಟ್ಟಿ ಹಣೆಯವರ ಊರಿನಿಂದ

ಬೀದರಿನ ಕೆಳಗೆ, ಮೂರನೆಯ ಸುರಂಗ
ಕ್ರಿಸ್ತಶಕ 2417, ಫೆಬ್ರವರಿ ಮೂವತ್ತೊಂದು

ಸೂರ್ಯನ ಕೆಳಗೆ ಬಾಳುತ್ತಿರುವ ಹಿರಿಯರಿಗೆ ಕಾಶಮ್ಮನ ಶರಣು.

ತಾರೀಖು ನೋಡಿ ತಪ್ಪು ಅನ್ನಬೇಡಿ. ಸೂರ್ಯ ಕಾಣದಂತಾದ ಮೇಲೆ ನಮ್ಮವರು ಎಲ್ಲ ತಿಂಗಳುಗಳನ್ನೂ ಒಂದೇ ಅಳತೆಗೆ ಕತ್ತರಿಸಿಬಿಟ್ಟಿದ್ದಾರೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಾನು ಶಾಲೆಗೆ ಹೋದದ್ದು ಅದರ ಚಾವಣಿ ಕುಸಿಯುವ ತನಕ ಮಾತ್ರ. ಮಾಸ್ತರರು ಕಲ್ಲಿನಡಿ ಹೋದರು, ಉಳಿದ ಅಕ್ಷರಗಳನ್ನು ಹಾಗೂ ಹೀಗೂ ಕಲಿತೆ. ಈ ಕಾಗದವನ್ನು ಹಿಂಬಾವಿಗೆ ಹಾಕುತ್ತೇನೆ. ಅದರಲ್ಲಿ ಹಾಕಿದ್ದು ಕೆಳಗೆ ಹೋಗುವುದಿಲ್ಲ, ಹಿಂದಿನ ಕಾಲಕ್ಕೆ ಹೋಗುತ್ತದೆ. ಹೇಗೆಂದು ನನ್ನನ್ನು ಕೇಳಬೇಡಿ. ಶಾಯಿ ನೀರಿನಲ್ಲಿ ಕದಡುತ್ತದೋ, ನಿಮ್ಮನ್ನೂ ದಾಟಿ ಇನ್ನೂ ಹಿಂದಕ್ಕೆ ಹೋಗಿ ಓದಲು ಬಾರದವರ ಕೈಗೆ ಸಿಗುತ್ತದೋ, ಅದೂ ಒಂದು ಚಿಂತೆ. ದೊಡ್ಡ ಚಿಂತೆ ಬೇರೆ ಇದೆ. ನನ್ನ ಮಗಳು ತೇಜಮ್ಮನ ತಲೆ ಉಳಿಯಬೇಕು. ಅದು ಉಳಿಯುತ್ತದೋ ಇಲ್ಲವೋ ಇವತ್ತು ನಾನು ಏನು ಮಾಡುತ್ತೇನೆ ಎಂಬುದರ ಮೇಲೆ ನಿಂತಿದೆ. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿವೆ.

ನಾವಿರುವುದು ಕೆಂಪುಗಲ್ಲಿನ ಹೊಟ್ಟೆಯೊಳಗೆ. ಮೇಲಿನ ಬಿಸಿಲಿಗೆ ಬಿಟ್ಟರೆ ಮನುಷ್ಯನ ತುಟಿ ಮೊದಲು ಒಡೆಯುತ್ತದೆ, ಆಮೇಲೆ ಅವನೇ. ಗಾಳಿಗಿರಣಿ ಎಂಬ ದೊಡ್ಡ ಚಕ್ರ ನಮಗೆ ಉಸಿರು ಕೊಡುತ್ತದೆ. ಅದನ್ನು ಕಾಯಲು ಪಾಳಿ ಉಂಟು. ಕಹಳೆ ಕೂಗಿದಾಗಲೆಲ್ಲ ಎದ್ದು ಹೋಗಬೇಕು, ಹೀಗಾಗಿ ಇಲ್ಲಿ ಯಾರೂ ಪೂರ್ತಿ ಒಂದು ನಿದ್ದೆ ಕಂಡವರಲ್ಲ. ಅದರ ಗದ್ದಲಕ್ಕೆ ಕಿವಿಗಳು ಬೇಗ ಹೋಗುತ್ತವೆ, ಕಿವಿ ಹೋದವರು ಯಾರ ಜೊತೆಗೂ ಕೂರುವುದಿಲ್ಲ. ನಡೆಯುವುದಕ್ಕಂತೂ ಅಪ್ಪಣೆಯೇ ಇಲ್ಲ. ನಡೆದರೆ ಉಸಿರು ಹೆಚ್ಚು ಖರ್ಚು ಎಂದು ಗೋಡೆಯ ಮೇಲೆ ಬರೆದಿದ್ದಾರೆ. ಹಾಸಿಗೆಯಿಂದ ಗಿರಣಿಗೆ, ಗಿರಣಿಯಿಂದ ಹಾಸಿಗೆಗೆ ತಾನೇ ಓಡುವ ಹಳಿಬಂಡಿ ಇದೆ, ಕುಳಿತರೆ ಸಾಕು. ತಿನ್ನುವುದು ಬೂಷ್ಟಿನ ರೊಟ್ಟಿ, ಅದರ ಮೇಲೆ ಉಪ್ಪು, ಉಪ್ಪಿನ ಮೇಲೆ ಸಕ್ಕರೆ ನೀರು. ಹೀಗೆ ಬದುಕಿದವರಿಗೆ ನಡುವಯಸ್ಸು ದಾಟುವ ಮೊದಲೇ ಮಬ್ಬು ಬರುತ್ತದೆ. ಮಬ್ಬು ಎಂದರೆ ಮೊದಲು ಪಾತ್ರೆಯ ಹೆಸರು ಹೋಗುವುದು, ಆಮೇಲೆ ದಾರಿ, ಆಮೇಲೆ ಮುಖ. ಕೊನೆಗೆ ಉಳಿಯುವುದು ಸಿಟ್ಟು. ನಮ್ಮ ಸಾಲಿನಲ್ಲಿ ಒಬ್ಬ ಮುದುಕ ತನ್ನ ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಮುರಿದ, ತನ್ನ ಕೈಯನ್ನು ಕದ್ದಿದ್ದಾಳೆ ಎಂದು. ಅವಳು ಕೂಗಿದ್ದು ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಇಷ್ಟು ಸಾಲದೆಂದು ಟಗರು ಪಂಚಾಯ್ತಿ ಇದೆ. ಕಬ್ಬಿಣವೆಲ್ಲ ಚಾವಣಿ ಹಿಡಿದು ನಿಲ್ಲಿಸುವುದಕ್ಕೆ ಹೋಯಿತು. ಕತ್ತಿ ಇಲ್ಲ, ಕೊಡಲಿ ಇಲ್ಲ. ನೀರಿನ ಸರದಿಗೋ ಹಾಸಿಗೆಯ ಜಾಗಕ್ಕೋ ಜಗಳ ಬಂದರೆ ಇಬ್ಬರನ್ನೂ ಹಾಳು ಗುಂಡಿಯ ಎರಡು ತುದಿಗೆ ನಿಲ್ಲಿಸುತ್ತಾರೆ. ಇಬ್ಬರೂ ಓಡಿ ಬಂದು ಹಣೆಗೆ ಹಣೆ ಹೊಡೆಯಬೇಕು. ನಿಂತವನ ಮಾತು ನ್ಯಾಯ, ಬಿದ್ದವನದು ಅನ್ಯಾಯ. ಹೆಚ್ಚು ಸಲ ನಿಂತವನನ್ನು ದೊಡ್ಡಹಣೆ ಎಂದು ಕರೆದು ಊರಿನ ತೀರ್ಪು ಅವನ ಕೈಗೆ ಕೊಡುತ್ತಾರೆ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದ ತಲೆಗೇ ಎಲ್ಲರ ವಿಚಾರ ಒಪ್ಪಿಸಿದ್ದೇವೆ. ಇದು ತಪ್ಪೆಂದು ಯಾರಿಗೂ ಹೊಳೆದಿಲ್ಲ. ಗುಂಡಿಗೆ ಬೂದಿ ಹಾಕುವುದು ಹೆಂಗಸರ ಕೆಲಸ. ಹಲ್ಲುಗಳನ್ನು ಗುಡಿಸಿದ್ದೇನೆ. ಒಮ್ಮೆ ಕಣ್ಣನ್ನೂ.

ನನ್ನ ಗಂಡ ಝರೆಪ್ಪ ಹಲವು ಸಲ ನಿಂತವರು. ಹಣೆಯ ಮೇಲೆ ಎಲುಬು ಉಬ್ಬಿ ಮೆಟ್ಟಿಲಿನಂತೆ ಆಗಿತ್ತು. ಅವರ ಅಣ್ಣ ಘಾಳೆಪ್ಪ, ನನ್ನ ಭಾವ, ಒಮ್ಮೆಯೂ ಗುಂಡಿಗೆ ಇಳಿಯಲಿಲ್ಲ. ಜಗಳ ಬಂದರೆ ನೀರಿನ ಸರದಿಯನ್ನೇ ಬಿಟ್ಟುಕೊಟ್ಟು ಬಾಯಾರಿಕೊಂಡು ಮಲಗುತ್ತಿದ್ದರು. ಮೊದಲು ಕೆಳಗಿಳಿದ ಮುತ್ತಜ್ಜಿಯ ರೂಢಿಗಳನ್ನು ಅವರು ಇಟ್ಟುಕೊಂಡಿದ್ದರು. ಊರವರು ಅವುಗಳಿಗೆ ಮೇಲಿನ ಚಟ ಎಂದು ಹೆಸರಿಟ್ಟಿದ್ದರು, ನೀವು ಹೊಗೆಸೊಪ್ಪಿಗೆ ಅನ್ನುವಂತೆ. ಹಳಿಬಂಡಿ ಹತ್ತದೆ ಗೋಡೆ ಹಿಡಿದು ನಡೆಯುವುದು, ಗಿರಣಿಯ ಬಳಿ ಕಿವಿಗೆ ಅರಳೆ, ಮಲಗಿದಾಗ ಕಹಳೆ ಕೇಳದಂತೆ ತಲೆಗೆ ಕಂಬಳಿ. ಅದಕ್ಕೆ ದಂಡವಾಗಿ ಬೆನ್ನಿನ ಮೇಲೆ ಪಟ್ಟಿಯ ಏಟು ತಿಂದರೂ ನಿದ್ದೆ ಬಿಡಲಿಲ್ಲ. ಕಲ್ಲಿನಿಂದ ನೀರು ಜಿನುಗುವಲ್ಲಿ ದೀಪದ ಬೆಳಕಿಗೆ ಪುಂಡಿಸೊಪ್ಪು ಬೆಳೆದು, ಉಪ್ಪು ಬಿಟ್ಟು, ಅದನ್ನು ತಿನ್ನುತ್ತಿದ್ದರು. ಯಾರ ಕೋಣೆಯ ಮುಂದಾದರೂ ಕುಳಿತು ಹರಟೆ. ಪಕ್ಕದ ಹುಡುಗಿಯರಿಂದ ಹೊಸ ಹಾಡು ಕಲಿಯುವುದು, ತಪ್ಪಿದರೆ ಅವರಿಂದ ಬೈಸಿಕೊಳ್ಳುವುದು.

‘ಮೆತ್ತನ ಹಣಿ ಮುತ್ಯಾ, ಎಲ್ಲಿಗಿ ಹೊಂಟಿ ನಡಕೋತ? ನಿಮ್ಮ ಬಂಡಿಗಿ ಕಾಲು ಮುರದಾವೇನು?’ ಎಂದು ಹುಡುಗರು ಕಾಡುತ್ತಿದ್ದರು.

‘ಬಂಡಿದು ಮುರೀಲಿ ಬಿಡೋ, ನಂದು ಇನ್ನಾ ಗಟ್ಟಿ ಅದಾವ. ನಿಮ್ಮಪ್ಪನ ಹೆಸರು ಹೇಳಲೇನು? ನಿಮ್ಮಪ್ಪಗ ಅದು ಮರ್ತದ’ ಅನ್ನುತ್ತಿದ್ದರು ಭಾವ. ಮುದುಕರಲ್ಲಿ ಊರವರ ಹೆಸರುಗಳೆಲ್ಲ ನೆನಪಿದ್ದದ್ದು ಅವರೊಬ್ಬರಿಗೇ.

ಝರೆಪ್ಪನವರಿಗೆ ಮಬ್ಬು ಹತ್ತಿದಾಗ ದಿನವೂ ಬಂದು ಕೈಹಿಡಿದು ನಡೆಸಿದವರು ಅವರೇ. ಮಬ್ಬು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಕಾಯಬೇಕು ಅಷ್ಟೇ ಎಂದು ಭಾವ ಅನ್ನುತ್ತಿದ್ದರು. ಆದರೆ ಸಿಟ್ಟು ಇಳಿದಿತ್ತು. ನನಗೆ ಹೊಡೆಯುವುದು ನಿಂತಿತ್ತು, ಊಟಕ್ಕೆ ಕುಳಿತಾಗ ನಗುತ್ತಿದ್ದರು. ಹೋದ ತಿಂಗಳು ಗಿರಣಿ ಕೆಟ್ಟು ಕಹಳೆಯ ಮೇಲೆ ಕಹಳೆ. ಝರೆಪ್ಪನವರು ಕಣ್ಣು ಮುಚ್ಚದೆ ಕೆಂಡದಂತೆ ಕುಳಿತಿದ್ದರು. ಭಾವ ಎಂದಿನಂತೆ ಒಳಗೆ ಬಂದರು. ಇವತ್ತು ಬೇಡ ಅನ್ನೋಣವೆಂದು ನಾನು ಏಳುವಷ್ಟರಲ್ಲಿ ನಮ್ಮವರು ಎದ್ದು ನಿಂತಿದ್ದರು.

‘ಯಾರಂವ ನೀ?’

‘ನಾನಲೇ ಝರ್ಯಾ. ನಿಮ್ಮಣ್ಣ ಘಾಳ್ಯಾ. ನಡಿ, ಅಡ್ಡಾಡಿ ಬರೋಣು.’

‘ನಮ್ಮಣ್ಣ ಸಣ್ಣ ಹುಡುಗ ಅದಾನ. ಅವನ ಅಂಗಿ ಹಾಕ್ಕೊಂಡು ಬಂದೀಯಲ್ಲೋ ಮುದುಕಾ. ಅವನಿಗಿ ಏನ್ ಮಾಡಿದಿ?’

ತಮ್ಮನಾಗಿ ಅಣ್ಣನನ್ನು ಕಾಯಲು ಹೋದವರು ಅಣ್ಣನನ್ನೇ ಹೊಡೆದರು. ಎರಡೂ ಕಿವಿ ಹಿಡಿದು ಹಣೆಯಿಂದ ಮುಖಕ್ಕೆ ಗುದ್ದಿದರು. ಮೂಗು ಒಳಗೆ ಹೋಯಿತು. ನಾನು ಸೊಂಟ ಹಿಡಿದು ಎಳೆದೆ, ಒದ್ದರು, ನನ್ನ ಪಕ್ಕೆಲುಬು ಲಟ್ಟೆಂದಿತು. ಭಾವ ಕೈ ಎತ್ತಲಿಲ್ಲ, ‘ಝರ್ಯಾ, ಝರ್ಯಾ’ ಎಂದಷ್ಟೇ ಅಂದರು, ಬಾಯಿಯಲ್ಲಿ ರಕ್ತ ತುಂಬಿ ಅದೂ ನಿಂತಿತು. ಆಮೇಲೂ ಗೋಡೆಗೆ ಒತ್ತಿ ಗುದ್ದುತ್ತಿದ್ದರು. ಎಪ್ಪತ್ತು ದಾಟಿದರೂ ಒಂದು ಹೆಸರು ಮರೆಯದಿದ್ದ ತಲೆ ಗೋಡೆಯ ಮೇಲೆ ಹರಡಿತ್ತು. ನಮ್ಮವರು ಕೈ ಒರೆಸಿಕೊಂಡು ಹಸಿವು ಅಂದರು.

ಕೊಲೆಗೆ ಇಲ್ಲಿ ಇರುವ ಕಟ್ಟಳೆ ಇದು. ಸತ್ತವನ ಮಗ ಕೊಂದವನ ಎದುರು ಗುಂಡಿಗೆ ಇಳಿಯಬೇಕು. ಕೊಂದವನಿಗೆ ಮಬ್ಬಿದ್ದರೆ ಅವನ ರಕ್ತದವರು ನಿಲ್ಲಬೇಕು. ನಿಲ್ಲದಿದ್ದರೆ ಅವನನ್ನು ಮೇಲಿನ ಬಿಸಿಲಿಗೆ ತಳ್ಳುತ್ತಾರೆ. ನಮಗಿರುವುದು ತೇಜಮ್ಮ ಒಬ್ಬಳೇ. ಅವಳಿಗೆ ಮದುವೆಯಾಗಿಲ್ಲ, ಒಂದು ಪೆಟ್ಟೂ ಬೀಳದ ತಲೆ. ದೊಡ್ಡಪ್ಪನ ಜೊತೆ ನಡೆದು, ಅವರ ಹಾಡು ಕಲಿತು ಬೆಳೆದವಳು. ಎದುರಿಗೆ ನಿಲ್ಲಬೇಕಾದವನು ಭಾವನ ಮಗ ಬಸಲಿಂಗ, ಅವಳನ್ನು ಹೆಗಲ ಮೇಲೆ ಹೊತ್ತು ಆಡಿಸಿದ ಅಣ್ಣ. ಬೇಡವೆಂದರೆ ಅವನ ಮನೆಯ ನೀರು ಮುಚ್ಚುತ್ತಾರೆ, ಅವನಿಗೆ ಕೂಸುಗಳಿವೆ.

‘ಬ್ಯಾಡ ತೇಜವ್ವ, ನಿಮ್ಮಪ್ಪಗ ಬಿಸಲಿಗಿ ಕಳಸ್ಲಿ. ಅವರಿಗಿ ಗೊತ್ತೂ ಆಗಂಗಿಲ್ಲ’ ಎಂದು ಅಂಗಲಾಚಿದೆ.

‘ಅವರಿಗಿ ಗೊತ್ತಾಗಂಗಿಲ್ಲ, ನನಗ ಆಗ್ತದಲ್ಲಾ ಯವ್ವಾ’ ಅಂದಳು.

ಮೊನ್ನೆ ಗುಂಡಿಯ ಸುತ್ತ ಊರೇ ನೆರೆದಿತ್ತು. ಈಗಿನ ದೊಡ್ಡಹಣೆ ಮಾಪಣ್ಣನನ್ನು ಇಬ್ಬರು ಹಿಡಿದು ತಂದು ಕೂರಿಸಿದರು. ಜನರನ್ನು ನೋಡಿ ಅವನು ಹಲ್ಲಿಲ್ಲದ ಬಾಯಿ ತೆರೆದ. ‘ಯಾರ ಮದಿವಿ ಅದ ಇವತ್ತು?’ ಅಂದ. ಯಾರೋ ನಕ್ಕರು. ಹಲಗೆ ಬಡಿದರು.

ಗುಂಡಿಯಲ್ಲಿ ತೇಜಮ್ಮ ಸೆರಗು ಸೊಂಟಕ್ಕೆ ಕಟ್ಟಿಕೊಂಡು, ‘ಅಣ್ಣಾ, ಸಾವಕಾಶ ಬಾ’ ಅಂದಳು.

‘ಸಾವಕಾಶ ಬಂದ್ರ ಮತ್ತೊಮ್ಮಿ ಓಡಸ್ತಾರ ತಂಗಿ. ಒಂದೇ ಸಲಕ್ಕ ಮುಗಸಮು. ನಿನ್ನ ತಲಿ ತಗ್ಗಸು, ಹಣಿ ಮ್ಯಾಲಿನ ಭಾಗ ಕೊಡು. ನಾ ಮಾರಿ ಎತ್ಕೊಂಡು ಬರ್ತೀನಿ.’

ಅವನು ಹೇಳಿದಂತೆಯೇ ಬಂದ. ಓಡುತ್ತ ಓಡುತ್ತ ಗದ್ದ ಎತ್ತಿ, ತನ್ನ ಮುಖವನ್ನೇ ಅವಳ ಹಣೆಗೆ ಕೊಟ್ಟ. ಒಣಗಿದ ಕುಂಬಳ ಕಲ್ಲಿಗೆ ಬಿದ್ದಂಥ ಸದ್ದು. ಬಸಲಿಂಗ ಬಿದ್ದ, ಒಂದು ಕಾಲು ಬಹಳ ಹೊತ್ತು ಒದ್ದಾಡಿತು, ಮುಂದಿನ ಕಹಳೆಗೆ ಮೊದಲೇ ಅದೂ ನಿಂತಿತು. ತೇಜಮ್ಮ ಓಲಾಡಿ ನಿಂತಳು. ಜನ ಕುಣಿದು ಅವಳನ್ನು ಹೆಗಲ ಮೇಲೆ ಎತ್ತಿದರು. ಗಟ್ಟಿ ಹಣಿ, ಗಟ್ಟಿ ಹಣಿ ಎಂದು ಕೂಗಿ ನನ್ನ ಕೈ ಕುಲುಕಿದರು.

ಮನೆಗೆ ಬಂದು ವಾಂತಿ ಮಾಡಿಕೊಂಡಳು. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು, ಈಗ ಸ್ವಲ್ಪ ಸಮವಾಗಿದೆ. ಆಮೇಲೆ ಕೇಳಿದಳು, ‘ಬಸಲಿಂಗಣ್ಣ ಊಟಕ್ಕ ಬರ್ತಾನೇನ್ ಯವ್ವಾ?’ ನಿಜ ಹೇಳಿದೆ. ನೆಲಕ್ಕೆ ಬಡಿದುಕೊಂಡು ಅತ್ತಳು. ಅಳು ನಿಂತ ಮೇಲೆ ಮತ್ತೆ ಅದನ್ನೇ ಕೇಳಿದಳು. ಮತ್ತೆ ಹೇಳಿದೆ, ಹೊಸದಾಗಿ ಕೇಳಿದವಳಂತೆ ಮತ್ತೆ ಬಡಿದುಕೊಂಡು ಅತ್ತಳು. ಈಗ ಕೇಳಿದರೆ ಬರ್ತಾನ ಅನ್ನುತ್ತೇನೆ.

ಇದು ಒಂದು ಪೆಟ್ಟಿನದು. ತಲೆಗೆ ಬಿಡುವು ಕೊಟ್ಟರೆ, ಕತ್ತಲಲ್ಲಿ ನಿದ್ದೆ ಮಾಡಿಸಿದರೆ ತಿಳಿಯಾಗಬಹುದು ಎಂದು ಭಾವ ಎಂದೋ ಹೇಳಿದ್ದರು. ಮೊದಲನೆಯದು ಮಾಯುವ ಮುಂಚೆ ಎರಡನೆಯದು ಬಿದ್ದರೆ ಮುಗಿಯಿತು ಎಂದೂ ಹೇಳಿದ್ದರು. ಒಂದೇ ಪೆಟ್ಟಿಗೆ ಎದುರಿನವನ ಜೀವ ತೆಗೆದವರಿಗೆ ಎಷ್ಟು ಸಲ ನಿಂತರೆಂಬ ಲೆಕ್ಕ ಬೇಡವಂತೆ, ನಾಳೆಗೆ ಅವಳನ್ನು ಮಾಪಣ್ಣನ ಜಾಗದಲ್ಲಿ ಕೂರಿಸುತ್ತಾರಂತೆ. ಕೂರುವ ಮೊದಲು ಅವನ ಜೊತೆ ಒಂದು ಓಟ. ಊರು ಇದನ್ನು ಮರ್ಯಾದೆ ಅನ್ನುತ್ತದೆ.

ಅದಕ್ಕೇ ನಾವು ಹೋಗುತ್ತೇವೆ. ನಿಮ್ಮ ಕಾಲಕ್ಕೇ ಹಳೆಯದಾಗಿದ್ದ ನೀರಿನ ಸುರಂಗವೊಂದು ಇಲ್ಲಿಂದ ಹೊರಡುತ್ತದೆ. ಅದರ ಆಚೆ ತುದಿಯಲ್ಲಿ ಕಹಳೆಯಿಲ್ಲದ ಜನರಿದ್ದಾರೆ ಎಂಬುದು ಭಾವನ ನಂಬಿಕೆ. ಇರದಿದ್ದರೆ? ದಾರಿ ಕುಸಿದಿದ್ದರೆ? ನನ್ನ ಪಕ್ಕೆಲುಬು ಉಸಿರಿಗೊಮ್ಮೆ ಚುಚ್ಚುತ್ತಿದೆ. ಝರೆಪ್ಪನವರನ್ನು ಕರೆದೊಯ್ಯಲಾರೆ. ಅವರು ಕೂಗಿದರೆ ಮೂವರೂ ಸಿಕ್ಕಿಬೀಳುತ್ತೇವೆ. ಕೈಗೆ ಎಟುಕುವಂತೆ ನೀರಿಟ್ಟು ಹೊರಗಿನಿಂದ ಬಾಗಿಲು ಕಟ್ಟುತ್ತೇನೆ. ನಾನು ಹೋದದ್ದು ಅವರಿಗೆ ತಿಳಿಯುವುದಿಲ್ಲ. ಈ ಮಾತನ್ನು ಸಮಾಧಾನಕ್ಕೆಂದು ಬರೆದೆ, ಬರೆದ ಮೇಲೆ ಎದೆ ಒಡೆಯುತ್ತಿದೆ.

ಹಿರಿಯರೇ, ನಿಮಗೆ ನೆಲವಿದೆ, ನಡೆಯಿರಿ. ಕತ್ತಲಾದ ಮೇಲೆ ನಿಮ್ಮನ್ನು ಯಾರೂ ಕಹಳೆ ಊದಿ ಎಬ್ಬಿಸುವುದಿಲ್ಲ, ಮಲಗಿ. ಸೊಪ್ಪು ತಿನ್ನಿ, ಉಪ್ಪು ಕಡಿಮೆ ಮಾಡಿ. ಕಿವಿ ಮಂದವಾದವರನ್ನು ಮೂಲೆಗೆ ಬಿಡಬೇಡಿ, ಹತ್ತಿರ ಕುಳಿತು ಮಾತಾಡಿಸಿ. ತಲೆಗೆ ಪೆಟ್ಟು ತಿಂದು ಬಂದ ಮಗು ಏನೂ ಆಗಿಲ್ಲ ಅಂದರೆ ನಂಬಬೇಡಿ, ಡಾಕ್ಟರ ಬಳಿ ಹೋಗಿ. ನಿಮ್ಮಲ್ಲಿ ಡಾಕ್ಟರು ಇದ್ದರಂತೆ. ಇವು ನಿಮಗೆ ಸಣ್ಣ ಮಾತುಗಳು. ಇವನ್ನು ಬಿಡದೆ ಹಿಡಿದ ಒಬ್ಬರೇ ಒಬ್ಬರನ್ನು ನಮ್ಮ ಊರು ಗೋಡೆಗೆ ಬಡಿದು ಕೊಂದಿತು.

ದಾರಿಗೆ ಎರಡು ರೊಟ್ಟಿ ಕಟ್ಟಿದ್ದೆ. ತೇಜಮ್ಮ ಮೂರನೆಯದನ್ನು ತಂದು ಗಂಟಿನೊಳಗೆ ಇಟ್ಟಿದ್ದಾಳೆ, ಅಣ್ಣನಿಗೆ ಅಂತೆ. ತೆಗೆಯುವುದಿಲ್ಲ. ಹೋಗಿ ಬರುತ್ತೇವೆ.

ಕಾಶಮ್ಮ