ಚಿಮಣಿಯ ಪಕ್ಕ ನಿಲ್ಲಲು ಒಬ್ಬರು

ಮಹಾಜನಗಳೇ, ಕಲಾರಸಿಕರೇ, ಗದ್ದಲ ಮಾಡದೆ ಕೇಳಿ! ಅಂದರೆ ಪ್ರೀತಿಯ ಭಾವ, ನೀವೇ ಕೇಳಿ. ನನ್ನ ಸಭೆಯಲ್ಲಿ ಈಗ ಉಳಿದಿರುವುದು ನೀವೊಬ್ಬರೇ.

ಮುಚ್ಚಿದ ಕಾರ್ಖಾನೆಯ ಹಿಂದೆ ಮುರಿದ ಇಟ್ಟಿಗೆ ಚಿಮಣಿಯೊಂದು ಸಿಕ್ಕಿತು. ಎರಡು ಮಹಡಿ ಎತ್ತರ, ಅದರ ಬಾಯಿಂದ ಮರವೇ ಎದ್ದಿದೆ! ಫೋಟೊ ತೆಗೆದು ನಮ್ಮ ಕ್ಷೌರಿಕನಿಗೆ ತೋರಿಸಿದೆ.

"ಕುಂಡ ಚೆನ್ನಾಗಿದೆ ಸಾರ್, ನೀರು ಜಾಸ್ತಿ ಹಾಕ್ಬೇಡಿ" ಅಂದುಬಿಟ್ಟ!

ಪಕ್ಕದಲ್ಲಿ ಆಳು ನಿಲ್ಲದಿದ್ದರೆ ಫೋಟೊದಲ್ಲಿ ಬೆಟ್ಟವೂ ಬೆಣಚುಕಲ್ಲೇ. ಮೊದಲೆಲ್ಲ ಎತ್ತರ ತೋರಿಸಲು ನೀವು ನಿಲ್ಲುತ್ತಿದ್ದಿರಿ, "ಬೇಗ ಒತ್ತೋ, ಇರುವೆ ಕಚ್ತಿದೆ!" ಎಂದು ಗೊಣಗುತ್ತಾ. ನಿಮಗೆ ವರ್ಗವಾದ ಮೇಲೆ ಆ ಜಾಗ ಖಾಲಿ. ಟೈಮರ್ ಇಟ್ಟು ನಾನೇ ಓಡಿದೆ; ಪ್ರತಿ ಫೋಟೊದಲ್ಲೂ ಅರ್ಧ ದಾರಿಯಲ್ಲಿ ನನ್ನ ಬೆನ್ನು.

ಅಕ್ಕನಿಗೆ ಈ ಓಟದ ಸುದ್ದಿ ಹೇಳಬೇಡಿ, ನನ್ನ ಮಂಡಿನೋವು ನೆನಪಿಸಿ ಬೈತಾಳೆ. ನಿಮಗೆ ರಜೆ ಸಿಗುವುದಿಲ್ಲ ಎಂಬುದೂ ಗೊತ್ತು, ಹಾಗಾಗಿ ಬನ್ನಿ ಅನ್ನುತ್ತಿಲ್ಲ.

ನಾಳೆ ಬೆಳಿಗ್ಗೆ ಅಲ್ಲಿ ಮೊದಲು ಹಾದುಹೋಗುವವರನ್ನು "ಒಂದು ನಿಮಿಷ ನಿಂತ್ಕೊಳ್ತೀರಾ?" ಎಂದು ಕೇಳುತ್ತೇನೆ. ಫೋಟೊಗೆ ಒಂದು ಕ್ಷಣ ಸಾಕು, ಮಿಕ್ಕಿದ್ದರಲ್ಲಿ ಮಾತಾಡಿಸುತ್ತೇನೆ.

ಇಂತಿ,
ನಿಮ್ಮ ಬಾಯಿಬಡುಕ