ಎರಡನೇ ಚರಣದ ಕೈಬರಹ

ಅಕ್ಕನಿಗೆ,

ನಮ್ಮ ಹಾಡನ್ನು ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಲು ಹೋಗಿದ್ದೆ. ನೀನು ಹಾಡು ಬಿಟ್ಟು ಟೀಚರ್ ಆಗಿ ಹೊರಟುಹೋದ ಸಿಟ್ಟಿಗೆ, ರಾಗ ಹಾಕಿದವರು ಎಂಬಲ್ಲಿ ನನ್ನೊಬ್ಬಳ ಹೆಸರನ್ನೇ ಬರೆದಿದ್ದೆ. ಗುಮಾಸ್ತರು ಸ್ವರ ಬರೆದ ಹಾಳೆ ನೋಡಿ, "ಎರಡನೇ ಚರಣದಿಂದ ಕೈಬರಹವೇ ಬೇರೆ ಇದೆಯಲ್ಲಮ್ಮ, ಇದು ಯಾರ್ದು?" ಎಂದರು. ಹೊಸ ಹಾಳೆಯಲ್ಲಿ ಬರೆದುಕೊಂಡು ಹೋಗಬಹುದಿತ್ತು, ಮನಸ್ಸು ಬಂದಿರಲಿಲ್ಲ. "ನಮ್ಮಕ್ಕಂದು" ಎಂದೆ. ನಾಲ್ಕು ವರ್ಷದ ಮೇಲೆ ಬಾಯಿಗೆ ಬಂದ ಮಾತು.

ಈಗ ನಿನ್ನ ಹೆಸರನ್ನೂ ಸೇರಿಸಿದ್ದೇನೆ. ಮನೆ ವಿಳಾಸ ಗೊತ್ತಿಲ್ಲದೆ ಇದನ್ನು ನಿನ್ನ ಶಾಲೆಗೆ ಕಳುಹಿಸುತ್ತಿದ್ದೇನೆ. ಜೊತೆಗಿಟ್ಟ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಅಂಚೆಗೆ ಹಾಕಿದರೆ ಸಾಕು, ಬರಲೇಬೇಕೆಂದೇನೂ ಇಲ್ಲ.

ಸಂಜೆ ಐದರ ಮೇಲೆ ನಾನು ಮನೆಯಲ್ಲೇ ಇರುತ್ತೇನೆ. ಕರೆಗಂಟೆ ಕೆಟ್ಟಿದೆ; ಒತ್ತುವವರು ಯಾರೂ ಇಲ್ಲವೆಂದು ಸರಿ ಮಾಡಿಸಿಲ್ಲ. ಬಾಗಿಲನ್ನು ಜೋರಾಗಿ ತಟ್ಟು.

ನಿನ್ನ ತಂಗಿ