ಸೂರ್ಯನ ಮೇಲೆ ಹಾಕಿದ ಮಾತು

ಬಳ್ಳಾರಿ, ಗುಡ್ಡದ ಕೆಳಗಿನ ಓಣಿ
ನಲವತ್ತೊಂದನೆಯ ಸುತ್ತಿನ ಹನ್ನೆರಡನೆಯ ವರ್ಷ, ಮಂಗಳವಾರ ರಾತ್ರಿ

ಇಪ್ಪತ್ತೈದನೆಯ ಸುತ್ತಿನ ಹಿರಿಯರಿಗೆ ಸುಂಕಮ್ಮ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನಿಮಗೆ ಗಲಿಬಿಲಿಯಾದರೆ ಕ್ಷಮಿಸಬೇಕು. ನಮಗೂ ಆಗಿದೆ. ನಾವು ಕಾಲವನ್ನು ಸೂರ್ಯನ ಸುತ್ತುಗಳಲ್ಲಿ ಎಣಿಸುತ್ತೇವೆ. ಸೂರ್ಯನ ಮೈಮೇಲೆ ಕಪ್ಪು ಮಚ್ಚೆಗಳು ಹೆಚ್ಚಾಗಿ, ಮತ್ತೆ ಕಡಿಮೆಯಾಗಿ, ಮೈ ಶುಭ್ರವಾದರೆ ಒಂದು ಸುತ್ತು ಮುಗಿಯಿತು. ಒಂದು ಸುತ್ತಿಗೆ ಹನ್ನೊಂದು ವರ್ಷ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಹಾಗಿದ್ದಮೇಲೆ ಹನ್ನೆರಡನೆಯ ವರ್ಷ ಎಲ್ಲಿಂದ ಬಂತೆಂದು ನೀವು ಕೇಳುತ್ತೀರಿ. ಸೂರ್ಯ ಈ ಸಲ ಇನ್ನೂ ಮುಗಿಸಿಲ್ಲ, ಅಷ್ಟೇ. ಅವನಿಗೆ ಯಾರು ಬಾಯಿಪಾಠ ಮಾಡಿಸುತ್ತಾರೆ? ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಬಹುದು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ಇದನ್ನು ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಮನಸ್ಸು ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಒದ್ದಾಡುವಾಗ, ಆಗಿಹೋದ ಕಾಲದವರಿಗೆ ಒಂದು ಓಲೆ ಬರೆಯುವುದು ಪದ್ಧತಿ. ಬದುಕಿರುವವರಿಗೆ ಬರೆದರೆ ಅವರು ಒಂದು ಪಕ್ಷ ಹಿಡಿದುಬಿಡುತ್ತಾರೆ. ನೀವು ಹಿಡಿಯುವುದಿಲ್ಲ. ನಿಮ್ಮನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ನಾವು ಇವತ್ತು ಯಾವ ನಂಬಿಕೆಯ ಮೇಲೆ ಮನೆ ಮಠ ನಡೆಸುತ್ತಿದ್ದೇವೋ ಅದು ನಿಮ್ಮ ಕಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಬರುವ ಸೋಜಿಗದ ಸುದ್ದಿಯಾಗಿತ್ತಂತೆ. ನಿಮಗಿಂತಲೂ ಹಿಂದೆ, ಹದಿನೈದು ಹದಿನಾರನೆಯ ಸುತ್ತಿನ ಆಸುಪಾಸಿನಲ್ಲಿ, ದೂರದೇಶದ ಪಂಡಿತನೊಬ್ಬ ಸೂರ್ಯನ ಮಚ್ಚೆಗಳ ಲೆಕ್ಕದ ಪಕ್ಕದಲ್ಲಿ ಯುದ್ಧ, ದಂಗೆ, ಸಾಂಕ್ರಾಮಿಕಗಳ ಲೆಕ್ಕ ಇಟ್ಟು ನೋಡಿದನಂತೆ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ ಎಂದನಂತೆ. ಆಮೇಲೆ ಬಂದವರು ರಕ್ತದ ಕಣ, ಸೂಕ್ಷ್ಮಜೀವಿ, ಹೃದಯದ ಬಡಿತ ಎಲ್ಲಕ್ಕೂ ಸೂರ್ಯನ ಕೆರಳಿಕೆ ತಟ್ಟುತ್ತದೆ ಎಂದರು. ಇನ್ನು ಕೆಲವರು ಇದೆಲ್ಲ ಬುರುಡೆ ಎಂದರು. ನೀವು ಓದಿ, ಹೌದಾ ಎಂದು, ಪುಟ ತಿರುಗಿಸಿದಿರಿ. ನಮಗೆ ಪುಟ ತಿರುಗಿಸಲು ಆಗಲಿಲ್ಲ.

ಮೂವತ್ತಮೂರನೆಯ ಸುತ್ತಿನಲ್ಲಿ ಸೂರ್ಯ ಒಮ್ಮೆ ಜೋರಾಗಿ ಕೆರಳಿದಾಗ ಊರಿನ ತಂತಿಗಳೆಲ್ಲ ಸುಟ್ಟವು. ನೀರು ನಿಂತಿತು. ಆ ವಾರ ಬಳ್ಳಾರಿಯಲ್ಲಿ ಅಕ್ಕಪಕ್ಕದವರು ಒಬ್ಬರಿಗೊಬ್ಬರು ಏನೇನು ಮಾಡಿಕೊಂಡರೆಂದು ನಮ್ಮ ಮುತ್ತಜ್ಜಿ ಹೇಳುತ್ತಿರಲಿಲ್ಲ. ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಬೆಳಕು ಬಂದಮೇಲೆ ಅದೇ ಓಣಿಯಲ್ಲಿ, ಅದೇ ನಲ್ಲಿಯ ಮುಂದೆ, ಅದೇ ಮುಖಗಳನ್ನು ನೋಡುತ್ತಾ ಬದುಕಬೇಕಿತ್ತಲ್ಲ. ಆಗ ಯಾರೋ ಆ ಹಳೆಯ ಪಂಡಿತನ ಮಾತು ತೆಗೆದರು. ಅದು ನಾವಲ್ಲ, ಸೂರ್ಯ ಎಂದರು. ಎಲ್ಲರೂ ಗಟ್ಟಿಯಾಗಿ ಹಿಡಿದುಕೊಂಡರು. ಹಿಡಿದುಕೊಂಡದ್ದು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಂದಿನಿಂದ ಪ್ರತಿ ಓಣಿಯಲ್ಲೂ ಒಂದು ಸಾಕ್ಷಿಗಡಿಗೆ ಇದೆ. ಗಾಬರಿಯಾಗಬೇಡಿ, ದೋಸೆ ಹಿಟ್ಟಿನ ಗಡಿಗೆ. ಅಕ್ಕಿ ಈಗ ಇಲ್ಲಿ ಕಣ್ಣಿಗೆ ಬೀಳುವುದಿಲ್ಲ, ನವಣೆ ಮತ್ತು ಉದ್ದು ರುಬ್ಬುತ್ತೇವೆ. ಹಿಟ್ಟು ಹುಳಿ ಬರಿಸುವ ಜೀವಕೋಶಗಳು ಸೂರ್ಯ ಕೆರಳಿದರೆ ತಾವೂ ಕೆರಳುತ್ತವೆ, ಮನುಷ್ಯನ ಮೈಯ ಜೀವಕೋಶಗಳೂ ಹಾಗೆಯೇ ಎಂಬುದು ಲೆಕ್ಕಾಚಾರ. ಗಡಿಗೆ ವಾರಕ್ಕೊಂದು ಮನೆಗೆ ಹೋಗುತ್ತದೆ. ಸರದಿಯ ಮನೆಯವರು ಸಂಜೆ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ, ನೆಲದಲ್ಲಿ ತೋಡಿದ ತಂಪುಗೂಡಿನಲ್ಲಿ ಇಡಬೇಕು. ಬಳ್ಳಾರಿಯ ಸೆಕೆ ನಿಮಗೆ ಗೊತ್ತೇ ಇದೆ. ಹೊರಗಿಟ್ಟರೆ ಸೂರ್ಯನ ಅಪ್ಪಣೆ ಇಲ್ಲದೆಯೂ ಉಬ್ಬುತ್ತದೆ. ಗಡಿಗೆಯ ಒಳಗೆ ಸುಣ್ಣದಲ್ಲಿ ಒಂದು ಗೆರೆ ಇರುತ್ತದೆ. ಬೆಳಿಗ್ಗೆ ಹಿಟ್ಟು ಗೆರೆಯ ಕೆಳಗಿದ್ದರೆ ಮಾಮೂಲಿ ದಿನ, ಗೆರೆ ದಾಟಿದ್ದರೆ ಮಚ್ಚೆದಿನ.

ಮಚ್ಚೆದಿನ ಓಣಿಯ ಕಟ್ಟೆಯ ಮೇಲೆ ಕೆಂಪು ಬಟ್ಟೆ ಏರುತ್ತದೆ. ಮದುವೆ ಮಾತುಕತೆ ಇಲ್ಲ, ನ್ಯಾಯ ತೀರ್ಮಾನ ಇಲ್ಲ, ಕ್ಷೌರದವರು ಕತ್ತಿ ಮುಟ್ಟುವುದಿಲ್ಲ. ಹೊರಗೆ ಹೋಗುವವರು ಹಳೆಯ ಜೀನ್ಸ್ ಬಟ್ಟೆಯ, ತಲೆ ಬೆನ್ನು ಮುಚ್ಚುವ ಕೊಪ್ಪೆ ಹಾಕಿಕೊಳ್ಳುತ್ತಾರೆ. ನಿಮ್ಮ ಕಾಲದ ಬಳ್ಳಾರಿ ಅದೆಷ್ಟು ಜೀನ್ಸ್ ಹೊಲಿದಿಟ್ಟಿತ್ತೋ, ಇನ್ನೂ ಮುಗಿದಿಲ್ಲ. ಮುಖ್ಯವಾದದ್ದು ಇದು: ಆ ದಿನ ಯಾರು ಏನು ಅಂದರೂ ಲೆಕ್ಕಕ್ಕಿಲ್ಲ. ಮರುದಿನ ಅಂದವರು ಬಂದು, ‘ನಿನ್ನೆದು ಸೂರ್ಯಂದು’ ಎನ್ನಬೇಕು. ಅನ್ನಿಸಿಕೊಂಡವರು, ‘ಸೂರ್ಯಗ ಹೋಗ್ಲಿ’ ಎನ್ನಬೇಕು. ಹಾಗೆ ಸೂರ್ಯನಿಗೆ ಕೊಟ್ಟ ಮಾತನ್ನು ಮಾಮೂಲಿ ದಿನದಲ್ಲಿ ಮತ್ತೆ ಎತ್ತುವಂತಿಲ್ಲ. ಎತ್ತಿದವರ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ.

ಈಗ ನನ್ನ ಸಂಕಟ. ನನ್ನ ಅಕ್ಕ ಮಾರೆಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನನ್ನನ್ನು ಹೆತ್ತು ಅವ್ವ ತೀರಿಕೊಂಡಮೇಲೆ ಎತ್ತಿ ಆಡಿಸಿದವಳು, ಬೈದು ಓದಿಸಿದವಳು, ತನಗೆ ಬಂದ ಸಂಬಂಧಗಳನ್ನೆಲ್ಲ ತಳ್ಳಿಹಾಕಿದವಳು ಅವಳೇ. ನನಗೆ ಮದುವೆಯಾಯಿತು, ಗಂಡ ಬೇಗ ಹೋದ, ನಾನು ಮತ್ತೆ ಅಕ್ಕನ ಮನೆಗೇ ಬಂದೆ. ಈಗ ಇಬ್ಬರೂ ಮುದುಕಿಯರು. ಒಂದೇ ಒಲೆ, ಒಂದೇ ಎಲೆಅಡಿಕೆ ಚೀಲ. ಅವಳು ಮಾತಿನಲ್ಲಿ ಜಿಪುಣಿ. ಉಪ್ಪು ಕಡಿಮೆಯಾಯಿತು ಎನ್ನುವುದಕ್ಕೂ ಹುಬ್ಬನ್ನೇ ಬಳಸುತ್ತಾಳೆ.

ಹೋದ ವರ್ಷದ ಬೇಸಿಗೆಯ ಒಂದು ಮಚ್ಚೆದಿನ ಅವಳು ಎರಡು ಸಲ ಬಾಯಿ ಬಿಟ್ಟಳು. ಬೆಳಿಗ್ಗೆ ನಾನು ನವಣೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಹಿಂದೆ ನಿಂತುಕೊಂಡು, ಜಗಳವಿಲ್ಲ ಕಾರಣವಿಲ್ಲ, ಹೇಳಿದಳು: “ನಿನ್ನ ಸಾಕೋದ್ರಾಗ ನನ್ನ ಜಲ್ಮ ಸವೀತು. ನೀ ಹುಟ್ಟದಿದ್ರ ನಾನೂ ಒಂದು ಮನಿ ಮಾಡ್ಕೊಂತಿದ್ದೆ.” ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು, ಒಗ್ಗರಣೆ ಸೀದುಹೋಯಿತು. ಸಂಜೆ ನಾನು ಮುಖ ಊದಿಸಿಕೊಂಡು ಕೂತಿದ್ದಾಗ ಬಾಚಣಿಗೆ ತಂದು ನನ್ನ ತಲೆ ಬಾಚತೊಡಗಿದಳು. ಹೆಣೆದು ಗಂಟು ಹಾಕುವಾಗ ಅಂದಳು: “ಮತ್ತ ಹುಟ್ಟಿ ಬಂದ್ರೂ ನಿನ್ನೇ ಸಾಕ್ತೀನಿ.” ಮರುದಿನ ನನ್ನ ಮುಂದೆ ಬಂದು ನಿಂತು, ‘ನಿನ್ನೆದು ಸೂರ್ಯಂದು’ ಎಂದಳು. ನಾನು, ‘ಸೂರ್ಯಗ ಹೋಗ್ಲಿ’ ಎಂದೆ. ಬೆಳಗಿನ ಮಾತು ಹೋಗಲೆಂದು ಮನಸಾರೆ ಅಂದೆ. ಆದರೆ ಅದರ ಬೆನ್ನಿಗೇ ಸಂಜೆಯ ಮಾತೂ ಹೊರಟುಹೋಯಿತು. ಒಂದನ್ನು ಕೊಟ್ಟು ಒಂದನ್ನು ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲ. ಆ ರಾತ್ರಿ ನನಗೆ ಬೆಳಗಿನ ಮಾತಿಗಿಂತ ಸಂಜೆಯದು ಹೋದದ್ದೇ ಹೆಚ್ಚು ನೋವು ಕೊಟ್ಟಿತು.

ಹಾಗೇ ಇದ್ದುಬಿಡುತ್ತಿದ್ದೆ. ಆದರೆ ಹೋದ ತಿಂಗಳು ಗುಡ್ಡದ ಮೇಲಿನ ದುರ್ಬೀನು ಮನೆಯಿಂದ ವಿಮಲಾಕ್ಷಿ ಎಂಬ ವಿದ್ವಾಂಸೆ ಇಳಿದು ಬಂದರು. ಸೂರ್ಯನನ್ನು ನೇರವಾಗಿ ನೋಡುವ ಕೊಳವೆ ಸುಟ್ಟುಹೋಗಿದ್ದು ಈಗಷ್ಟೇ ಮತ್ತೆ ಸರಿಯಾಗಿದೆಯಂತೆ, ಬೇರೆ ಊರುಗಳಲ್ಲಿ ತೆಗೆದ ಸೂರ್ಯನ ಹಳೆಯ ಚಿತ್ರಗಳೂ ಕೈಗೆ ಬಂದಿವೆಯಂತೆ. ಅವನ್ನು ನಮ್ಮ ಮಚ್ಚೆದಿನಗಳ ಜೊತೆ ಹೋಲಿಸಿ ನೋಡಿದ್ದರು. ಕೆಲವು ದಿನ ಗಡಿಗೆ ಉಬ್ಬಿದೆ, ಸೂರ್ಯನ ಮೇಲೂ ಮಚ್ಚೆ ಇದೆ. ಅನೇಕ ದಿನ ಗಡಿಗೆ ಉಬ್ಬಿದೆ, ಸೂರ್ಯ ತೊಳೆದ ತಟ್ಟೆಯ ಹಾಗಿದ್ದಾನೆ. ಹಾಗಾದರೆ ಹಿಟ್ಟಿಗೂ ಮನುಷ್ಯರಿಗೂ ಸೂರ್ಯನ ಸಂಬಂಧ ಇಲ್ಲವೇ ಎಂದು ಓಣಿಯವರು ಕೇಳಿದರು. ಇಲ್ಲ ಎನ್ನಲು ಬರುವುದಿಲ್ಲ ಎಂದರು. ಇದೆಯೇ ಎಂದು ಕೇಳಿದರು. ಹೌದೆನ್ನಲೂ ಬರುವುದಿಲ್ಲ ಎಂದರು. ಗೊತ್ತಿಲ್ಲ ಎಂಬುದನ್ನು ಅಷ್ಟು ವಿವರವಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಹೋಗುವ ಮುಂಚೆ ಶುಭ್ರ ಸೂರ್ಯನ ಮಚ್ಚೆದಿನಗಳನ್ನು ಓದಿ ಹೇಳಿದರು. ಅದರಲ್ಲಿ ಅಕ್ಕ ಬಾಯಿ ಬಿಟ್ಟ ದಿನವೂ ಇತ್ತು. ಆ ವಾರ ಗಡಿಗೆಯ ಸರದಿ ನಮ್ಮ ಮನೆಯದೇ ಆಗಿತ್ತು.

ಆಮೇಲೆ ಓಣಿಯಲ್ಲಿ ಒಬ್ಬೊಬ್ಬರೇ ಒಪ್ಪಿಕೊಳ್ಳತೊಡಗಿದರು. ಎದುರುಮನೆಯ ಎರ್ರಿಸ್ವಾಮಿ ತನ್ನ ಬೀಗರಿಗೆ ನಾಲ್ಕು ಮಾತು ಹೇಳಬೇಕಾದಾಗ ಗಡಿಗೆಗೆ ಬಿಸಿನೀರು ಬೆರೆಸಿದ್ದನಂತೆ. ಮೂಲೆಮನೆಯವಳು ಸಕ್ಕರೆ ಹಾಕಿದ್ದಳಂತೆ. ಎಲ್ಲರೂ ತಾವೊಬ್ಬರೇ ಹೀಗೆ ಮಾಡಿದ್ದು, ಮಿಕ್ಕ ದಿನಗಳೆಲ್ಲ ನಿಜ ಎಂದುಕೊಂಡಿದ್ದರು. ನಾನು ಮನೆಗೆ ಬಂದು ಏನೂ ಕೇಳಲಿಲ್ಲ, ಕೇಳುವಂತಿಲ್ಲ. ಅಕ್ಕ ಉದ್ದಿನಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತದೆ ತಾನೇ ಹೇಳಿದಳು: “ಅವತ್ತು ಉಬ್ಬಿಸಿದ್ದು ನಾನ. ಹೇಳೋದಿತ್ತು, ಹೇಳಿದೆ.” ಮತ್ತೆ ಕಲ್ಲು ಆರಿಸತೊಡಗಿದಳು.

ಯಾವುದನ್ನು ಹೇಳುವುದಿತ್ತು? ಹಿರಿಯರೇ, ನನ್ನ ತಲೆ ಕೆಟ್ಟಿರುವುದು ಇಲ್ಲಿ. ಬೆಳಗಿನ ಮಾತನ್ನು ಹೇಳಲು ಉಬ್ಬಿಸಿದಳೋ? ಹಾಗಾದರೆ ಸಂಜೆಯದು ನನ್ನ ಮುಖ ನೋಡಲಾರದೆ ಸವರಿದ ಬೆಣ್ಣೆ. ಸಂಜೆಯ ಮಾತಿಗಾಗಿಯೇ ಉಬ್ಬಿಸಿದಳೋ? ಅಂಥ ಮಾತನ್ನು ಮಾಮೂಲಿ ದಿನ ಆಡಲು ನಾಚಿಕೆಯಾಗುವ ಹೆಂಗಸು ಅವಳು. ಹಾಗಾದರೆ ಬೆಳಗಿನದು ಬಾಗಿಲು ತೆರೆದಾಗ ಜೊತೆಗೆ ನುಗ್ಗಿದ ಧೂಳು. ಎರಡೂ ಒಂದೇ ಮಾತೇ ಇರಬಹುದು ಎಂದೂ ಒಮ್ಮೊಮ್ಮೆ ಅನ್ನಿಸುತ್ತದೆ. ಅನ್ನಿಸಿದ ಮರುಗಳಿಗೆ, ನನ್ನ ಸಮಾಧಾನಕ್ಕೆ ನಾನೇ ಹೊಸೆದುಕೊಂಡೆನೇ ಎಂದು ಅನುಮಾನ. ಸೂರ್ಯನೇ ಮಾಡಿಸಿದ್ದರೆ ಎಷ್ಟು ಚೆನ್ನಾಗಿತ್ತು! ಬೈಯಲಿಕ್ಕೆ ಅವನು ದೂರದಲ್ಲಿದ್ದಾನೆ.

ನಾಳೆ ಸಂಜೆ ಕಟ್ಟೆಯಲ್ಲಿ ಸಭೆ, ಮಚ್ಚೆದಿನವಾದರೂ ನಿಲ್ಲಿಸುವುದಿಲ್ಲವಂತೆ. ಸಾಕ್ಷಿಗಡಿಗೆ ಇರಬೇಕೋ ಬೇಡವೋ ಎಂದು ಕೈ ಎತ್ತಿಸುತ್ತಾರೆ. ಬೇಡ ಎನ್ನುವವರೇ ಹೆಚ್ಚು, ಎಲ್ಲರಿಗೂ ಮೋಸಹೋದ ಸಿಟ್ಟು. ಗಡಿಗೆ ಹೋದರೆ ಮಚ್ಚೆದಿನವೂ ಹೋಗುತ್ತದೆ. ಆಮೇಲೆ ಆಡಿದ್ದೆಲ್ಲ ಆಡಿದವರ ಹೆಸರಿಗೇ ಉಳಿಯುತ್ತದೆ. ಹಾಗಾದಮೇಲೆ ಅಕ್ಕ ಮತ್ತೆ ಬಾಯಿ ಬಿಡುತ್ತಾಳೆಂದು ನನಗೆ ನಂಬಿಕೆ ಇಲ್ಲ, ಕೇಳುವ ಎದೆಗಾರಿಕೆ ನನಗೂ ಇಲ್ಲ. ಅವಳಿಗೆ ಈಗ ನಾಲ್ಕು ಹೆಜ್ಜೆಗೆ ಉಸಿರು ಸಿಕ್ಕಿಕೊಳ್ಳುತ್ತದೆ. ನನಗೆ ಇನ್ನೊಂದು ಮಚ್ಚೆದಿನ ಬೇಕು, ನಾಳೆಯೇ ಬೇಕು. ಈ ವಾರ ಗಡಿಗೆಯ ಸರದಿ ಮತ್ತೆ ನಮ್ಮದೇ.

ಅದಕ್ಕೇ ಇವತ್ತು ಸಂಜೆ ಹಿಟ್ಟನ್ನು ಬೆಚ್ಚಗಿನ ನೀರಿನಲ್ಲಿ ಕಲಸಿದೆ. ತಂಪುಗೂಡಿಗೆ ಇಳಿಸದೆ, ಹಳೆಯ ಕೊಪ್ಪೆಯೊಂದನ್ನು ಸುತ್ತಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟೆ. ನಾನೇನು ಇದರಲ್ಲಿ ಪಳಗಿದವಳಲ್ಲ. ತಿರುಗಿದರೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಅವಳು ಗಡಿಗೆ ನೋಡಿದಳು, ನನ್ನನ್ನು ನೋಡಿದಳು. ಗೋಡೆ ಹಿಡಿದುಕೊಂಡು ಒಲೆಯ ತನಕ ಹೋಗಿ, ತಗಡಿನಲ್ಲಿ ಬಿಸಿ ಬೂದಿ ತೋಡಿ ತಂದು, ಗಡಿಗೆಯ ಬುಡದ ಸುತ್ತ ಹರಡಿದಳು.

“ನೀ ಮಾಡಿದ್ದಕ್ಕ ಅದು ಉಬ್ಬಂಗಿಲ್ಲ,” ಎಂದಳು.

ಈಗ ಅವಳು ಹೋಗಿ ಮಲಗಿದ್ದಾಳೆ. ನಾನು ಗಡಿಗೆಯ ಪಕ್ಕದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸೂರ್ಯನ ಅಂಚಿನಿಂದ ದೊಡ್ಡದೊಂದು ಮಚ್ಚೆ ಈಚೆಗೆ ತಿರುಗಿ ಬರುತ್ತಿದೆ ಎಂದು ಮಧ್ಯಾಹ್ನ ಗುಡ್ಡದಿಂದ ಸುದ್ದಿ ಬಂದಿದೆ, ಅದೊಂದು ಬೇರೆ. ಇನ್ನು ನಾಳೆ ನಾವು ಆಡುವುದು ನಾವೇ ಆಡಿದ್ದೋ, ಅವನು ಆಡಿಸಿದ್ದೋ, ಬೂದಿ ಆಡಿಸಿದ್ದೋ, ದೇವರಾಣೆಗೂ ಗೊತ್ತಾಗುವುದಿಲ್ಲ. ಹಿಟ್ಟು ಸುಣ್ಣದ ಗೆರೆಯ ಹತ್ತಿರಕ್ಕೆ ಬಂದಿದೆ.

ನಿಮ್ಮನ್ನು ಒಂದೇ ಒಂದು ಕೇಳಿ ಮುಗಿಸುತ್ತೇನೆ. ನಿಮ್ಮಲ್ಲಿ ಗಡಿಗೆ ಇರಲಿಲ್ಲವಂತೆ, ಕೆಂಪು ಬಟ್ಟೆಯೂ ಇರಲಿಲ್ಲವಂತೆ. ಯಾವ ದಿನ ಬೇಕಾದರೂ, ತಣ್ಣಗೆ ಕೂತು, ಅಕ್ಕಾ, ನಾನು ನಿನಗೆ ಭಾರವಾದೆನಾ ಎಂದು ಕೇಳಿಬಿಡಬಹುದಿತ್ತಂತೆ.

ನೀವು ಕೇಳುತ್ತಿದ್ದಿರಾ?

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಸುಂಕಮ್ಮ